ನಾಲಿಗೆಗಿಂತ ಮೊದಲು ಕಿವಿ

ಚಿತ್ರದುರ್ಗ ಸೀಮೆಯಲ್ಲಿ ಹೊಲದಲ್ಲಿ ಬೆಳೆಯುವುದು ಹತ್ತಿ, ಜನ ವಾಸ ಮಾಡುವುದು ಹಟ್ಟಿ. ಹಿರಿಯೂರು, ಹೊಸದುರ್ಗದ ಯಾವ ಗೊಲ್ಲರಹಟ್ಟಿಯಲ್ಲಿ ವಿಚಾರಿಸಿದರೂ ಈ ಎರಡು ಮಾತನ್ನು ಅದಲುಬದಲು ಮಾಡಿಕೊಂಡವರು ಸಿಗಲಾರರು. ಒಂದಕ್ಕೆ ನಾಲಿಗೆಯ ತುದಿ ಹಲ್ಲಿನ ಹಿಂಬದಿಗೆ ತಾಗುತ್ತದೆ, ಇನ್ನೊಂದಕ್ಕೆ ಅಂಗುಳಿನ ಕಡೆಗೆ ಹೊರಳುತ್ತದೆ. ನಮಗೆ ಅಂಗೈ ನೆಲ್ಲಿಯಷ್ಟು ಸ್ಪಷ್ಟವಾದ ಈ ವ್ಯತ್ಯಾಸ ಇಂಗ್ಲಿಷ್ ಒಂದನ್ನೇ ಆಡಿ ಬೆಳೆದ ಹೆಚ್ಚಿನವರ ಕಿವಿಗೆ ಬೀಳುವುದೇ ಇಲ್ಲ. ಅವರಿಗೆ ಎರಡೂ ಒಂದೇ 'ಟಿ'. ಆದರೆ ಅವರ ಆರು ತಿಂಗಳ ಕೂಸಿಗೆ ಅದು ಕೇಳುತ್ತದೆ.

ಇದನ್ನು ತೋರಿಸಿಕೊಟ್ಟವರು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್. ಅವರು ಆರಿಸಿಕೊಂಡದ್ದು ಹಿಂದಿಯ ತ–ಟ ಜೋಡಿ. ಕನ್ನಡದ್ದೂ ಅದೇ ಜೋಡಿಯಾದ್ದರಿಂದ ಈ ಪ್ರಯೋಗ ನಮ್ಮ ಅಂಗಳದಲ್ಲೇ ನಡೆಯಿತು ಎಂದುಕೊಂಡರೂ ತಪ್ಪಿಲ್ಲ. ತಾಯಿಯ ತೊಡೆಯ ಮೇಲೆ ಕುಳಿತ ಕೂಸಿಗೆ ಒಂದೇ ಸದ್ದನ್ನು ಮತ್ತೆಮತ್ತೆ ಕೇಳಿಸುತ್ತಾರೆ. ಸದ್ದು ಬದಲಾದಾಗ ಕತ್ತು ತಿರುಗಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿ ಬೊಂಬೆ ಬೆಳಗಿ ಕುಣಿಯುತ್ತದೆ. ಕೂಸಿಗೆ ಆಟ, ವಿಜ್ಞಾನಿಗೆ ಉತ್ತರ. 1984ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಬಹುಪಾಲು ಈ ಬದಲಾವಣೆಯನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಗುರುತಿಸಿದವು ಬೆರಳೆಣಿಕೆಯಷ್ಟು. ಅದೇ ವಯಸ್ಸಿನ ಹಿಂದಿ ಮನೆಗಳ ಕೂಸುಗಳಿಗೆ ಮಾತ್ರ ಏನೂ ಕಷ್ಟವಾಗಲಿಲ್ಲ. ಕೆನಡಾದ ಮೂಲನಿವಾಸಿಗಳ ಸೇಲಿಶ್ ಕುಟುಂಬದ ಒಂದು ಭಾಷೆಯ ಧ್ವನಿಗಳನ್ನು ಕೇಳಿಸಿದಾಗಲೂ ಕಂಡದ್ದು ಇದೇ. ಅಂದರೆ ಮಗು ಮೊದಲ ಮಾತಾಡುವ ಹೊತ್ತಿಗಾಗಲೇ ಕಿವಿ ಯಾವ ಊರಿನದೆಂದು ತೀರ್ಮಾನವಾಗಿರುತ್ತದೆ.

ಈ ಬಗೆಯ ಸಂಶೋಧನೆ ಶುರುವಾದದ್ದು ಇನ್ನೂ ಹಿಂದೆ, 1971ರಲ್ಲಿ. ಅಮೆರಿಕದ ಪೀಟರ್ ಐಮಾಸ್ ಮತ್ತು ಜೊತೆಗಾರರು ಒಂದು ಮತ್ತು ನಾಲ್ಕು ತಿಂಗಳ ಹಸುಗೂಸುಗಳ ಬಾಯಿಗೆ ತಂತಿ ಜೋಡಿಸಿದ ಚೀಪುವ ನಿಪ್ಪಲ್ ಕೊಟ್ಟರು. ಹೊಸ ಸದ್ದು ಕೇಳಿದರೆ ಕೂಸು ಜೋರಾಗಿ ಚೀಪುತ್ತದೆ, ಹಳತಾದರೆ ಬೇಸತ್ತು ನಿಧಾನ ಮಾಡುತ್ತದೆ. 'ಬ' ಹೋಗಿ 'ಪ' ಬಂದಾಗ ಚೀಪುವ ವೇಗ ಮತ್ತೆ ಏರಿತು. ಇಲ್ಲಿ ಕನ್ನಡ ಓದುಗರು ಗಮನಿಸಬೇಕಾದ ಒಂದು ಸಂಗತಿ ಇದೆ. ಇಂಗ್ಲಿಷ್ ಮಾತಿನ ಮೊದಲಲ್ಲಿ ಬರುವ 'ಬ' ನಮ್ಮ 'ಪ'ಕ್ಕೆ ಹತ್ತಿರ. ಅವರ 'ಪ' ಉಸಿರು ಬೆರೆತದ್ದು, ನಮ್ಮ ಮಹಾಪ್ರಾಣದ ಕಡೆಯದು. ಹಾಗಾಗಿ ಐಮಾಸ್ ಪರೀಕ್ಷಿಸಿದ್ದು ನಮ್ಮ ಲೆಕ್ಕದಲ್ಲಿ ಅಲ್ಪಪ್ರಾಣ–ಮಹಾಪ್ರಾಣದ ಗಡಿಯನ್ನೇ. ಹೊಳಲ್ಕೆರೆಯ ಮೇಷ್ಟರು ಮೂರನೇ ತರಗತಿಯಲ್ಲಿ ಬೆವರು ಸುರಿಸಿ ಹೇಳಿಕೊಡುವ ವ್ಯತ್ಯಾಸ ಒಂದು ತಿಂಗಳ ಕೂಸಿನ ಕಿವಿಗೆ ಎಟುಕಿತ್ತು!

ಭಾಷೆಯ ಶಕ್ತಿ ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ವಿಶೇಷ ವರ ಎನ್ನುವ ವಾದಕ್ಕೆ ಈ ಪ್ರಯೋಗ ಬಲ ತಂದಿತು. ಆ ಸಂಭ್ರಮ ಹೆಚ್ಚು ಕಾಲ ಉಳಿಯಲಿಲ್ಲ. 1975ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೇಮ್ಸ್ ಮಿಲ್ಲರ್ ದಕ್ಷಿಣ ಅಮೆರಿಕದ ಚಿಂಚಿಲ್ಲ ಎಂಬ ಇಲಿಯಂಥ ಪ್ರಾಣಿಗೆ ತರಬೇತಿ ಕೊಟ್ಟು ಇಂಥದೇ ಪರೀಕ್ಷೆ ಒಡ್ಡಿದಾಗ ಅದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗೆರೆ ಎಳೆಯಿತು. ಸೂಕ್ಷ್ಮವಾಗಿ ಕೇಳುವ ಕಿವಿ ಪ್ರಾಣಿಗಳಿಗೂ ಇದೆ. ಮನುಷ್ಯರ ಕೂಸಿನ ಹೆಚ್ಚುಗಾರಿಕೆ ಇರುವುದು ಆ ಕಿವಿಯನ್ನು ಒಂದು ವರ್ಷದಲ್ಲಿ ಮನೆಮಾತಿಗೆ ಹೊಂದಿಸಿಕೊಳ್ಳುವುದರಲ್ಲಿ.

ಈ ಹೊಂದಿಕೆ ಶುರುವಾಗುವುದು ಹುಟ್ಟುವ ಮೊದಲೇ. ಗರ್ಭದಲ್ಲೇ ಕಲಿಕೆ ಎಂದರೆ ಸಾಕು, ನಮ್ಮಲ್ಲಿ ಯಾರಾದರೂ ಅಭಿಮನ್ಯುವನ್ನು ಎಳೆದು ತರುತ್ತಾರೆ. ಚಕ್ರವ್ಯೂಹದ ವಿವರವೇನೋ ಹೊಟ್ಟೆಯೊಳಗೆ ತಲುಪುವುದಿಲ್ಲ, ಆದರೆ ಹೇಳಿದವರ ರಾಗ ತಲುಪುತ್ತದೆ. ಗರ್ಭದ ನೀರು ಮತ್ತು ಮಾಂಸದ ಗೋಡೆ ವ್ಯಂಜನಗಳ ಚೂಪನ್ನೆಲ್ಲ ತಡೆದು ಏರಿಳಿತ, ಲಯಗಳನ್ನಷ್ಟೇ ಒಳಗೆ ಬಿಡುತ್ತವೆ. ಕೊನೆಯ ಮೂರು ತಿಂಗಳು ಕೂಸು ಇದನ್ನೇ ಕೇಳಿಸಿಕೊಂಡಿರುತ್ತದೆ. ಹುಟ್ಟಿದ ಮೂರೇ ದಿನದೊಳಗೆ ಅದು ಬೇರೆ ಹೆಂಗಸರಿಗಿಂತ ತಾಯಿಯ ದನಿಯನ್ನೇ ಬಯಸುತ್ತದೆ ಎಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. 1988ರಲ್ಲಿ ಫ್ರಾನ್ಸಿನ ಜಾಕ್ ಮೆಲೆರ್ ಅವರ ತಂಡ ಪರೀಕ್ಷಿಸಿದ ನಾಲ್ಕು ದಿನದ ಕೂಸುಗಳು ಫ್ರೆಂಚನ್ನೂ ರಷ್ಯನ್ನನ್ನೂ ಬೇರೆ ಮಾಡಿದವು. ಸೀಮಂತದ ಹಾಡಿನ ಧಾಟಿ ಕೂಸಿಗೆ ಸಲ್ಲುತ್ತದೆ. ಅದರ ಸಾಹಿತ್ಯ ಬಂದವರಿಗೆ.

ಇನ್ನು ಈ ಹೊಂದಿಕೆ ಹೇಗೆ ಆಗುತ್ತದೆ ಎಂಬುದು. ಯಾರೂ ಪಾಠ ಹೇಳಿಕೊಡುವುದಿಲ್ಲ, ತಪ್ಪು ತಿದ್ದುವುದಿಲ್ಲ. ಬಾಣಂತಿ ಮನೆಯಲ್ಲಿ ಅಜ್ಜಿ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡುತ್ತ ಆಡುವ ಮಾತು, ತೊಟ್ಟಿಲ ಪಕ್ಕ ಬಂದು ಹೋಗುವವರ ಹರಟೆ, ಇಷ್ಟೇ ಅದರ ಬಂಡವಾಳ. ಯಾವ ಸದ್ದು ಎಷ್ಟು ಸಲ, ಯಾವುದರ ಬೆನ್ನಿಗೆ ಬರುತ್ತದೆ ಎಂಬುದನ್ನು ಕೂಸಿನ ಮೆದುಳು ತನ್ನಷ್ಟಕ್ಕೆ ಲೆಕ್ಕ ಇಡುತ್ತದೆ. ಅಮೃತಮಹಲ್ ಕಾವಲಿನ ಬಯಲಿನಲ್ಲಿ ಯಾರೂ ಗೆರೆ ಹಾಕದಿದ್ದರೂ ಕುರಿ ಓಡಾಡಿದ ಕಡೆ ದಾರಿ ಬೀಳುವಂತೆ, ಹೆಚ್ಚು ಕೇಳಿದ ಸದ್ದುಗಳ ಸುತ್ತ ಒಂದೊಂದು ವರ್ಗ ಬೀಳುತ್ತದೆ. ಜೆಸಿಕಾ ಮೇ, ವರ್ಕರ್ ಮತ್ತು ಲೂಆನ್ ಗರ್ಕನ್ 2002ರಲ್ಲಿ ಇದನ್ನು ಪ್ರಯೋಗದಿಂದಲೇ ಸಾಧಿಸಿದರು. ಸದ್ದುಗಳು ಎರಡು ಗುಂಪಾಗಿ ಬಂದರೆ ಆರು–ಎಂಟು ತಿಂಗಳ ಕೂಸು ಕೆಲವೇ ನಿಮಿಷದಲ್ಲಿ ಎರಡೆಂದು ತಿಳಿಯುತ್ತದೆ, ಒಂದೇ ಗುಂಪಾಗಿ ಬಂದರೆ ಒಂದೆಂದು. ಅದಕ್ಕೂ ಮೊದಲು, 1996ರಲ್ಲಿ, ಜೆನಿ ಸಾಫ್ರನ್ ಮತ್ತು ಜೊತೆಗಾರರು ಎಂಟು ತಿಂಗಳ ಕೂಸುಗಳಿಗೆ ನಡುವೆ ವಿರಾಮವಿಲ್ಲದ, ಅರ್ಥವಿಲ್ಲದ ಅಕ್ಷರಸರಣಿಯನ್ನು ಎರಡು ನಿಮಿಷ ಕೇಳಿಸಿದ್ದರು. ಯಾವ ಅಕ್ಷರದ ಬೆನ್ನಿಗೆ ಯಾವುದು ತಪ್ಪದೆ ಬರುತ್ತದೆ ಎಂಬುದನ್ನೇ ಹಿಡಿದು ಆ ಕೂಸುಗಳು 'ಪದ'ಗಳನ್ನು ಬಿಡಿಸಿಕೊಂಡಿದ್ದವು. ಸ್ವರಗಳು ವ್ಯಂಜನಗಳಿಗಿಂತ ಮೊದಲೇ ಪಳಗುತ್ತವೆ. ಅಮೆರಿಕ ಮತ್ತು ಸ್ವೀಡನ್ನಿನ ಕೂಸುಗಳು ಆರು ತಿಂಗಳಿಗೇ ತಮ್ಮ ತಮ್ಮ ಭಾಷೆಯ ಸ್ವರಗಳಿಗೆ ಒಗ್ಗಿಕೊಂಡಿದ್ದವು ಎಂದು ಕೂಲ್ 1992ರಲ್ಲಿ ಕಂಡುಕೊಂಡರು.

ಇದನ್ನೆಲ್ಲ ಓದಿದವರು ಸಾಮಾನ್ಯವಾಗಿ ಒಂದು ತಪ್ಪು ಚಿತ್ರ ಇಟ್ಟುಕೊಳ್ಳುತ್ತಾರೆ. ಕೂಸು ಜಗತ್ತಿನ ಎಲ್ಲ ಧ್ವನಿಗಳನ್ನೂ ಕೇಳಬಲ್ಲ ಜಾಣನಾಗಿ ಹುಟ್ಟಿ, ದಿನೇ ದಿನೇ ಕಿವುಡಾಗುತ್ತ ಹೋಗುತ್ತದೆ ಎಂಬ ಚಿತ್ರ ಅದು. ಅರ್ಧ ಮಾತ್ರ ನಿಜ. ಎಷ್ಟೋ ವ್ಯತ್ಯಾಸಗಳು ಹುಟ್ಟುವಾಗ ಕೇಳುವುದೇ ಇಲ್ಲ, ಮನೆಮಾತು ಅವನ್ನು ಕೇಳುವಂತೆ ಮಾಡುತ್ತದೆ. ಜಪಾನೀ ಭಾಷೆಯಲ್ಲಿ ನಮ್ಮಂತೆಯೇ ಹ್ರಸ್ವ–ದೀರ್ಘ ಇದೆ, ಒತ್ತಕ್ಷರವೂ ಇದೆ. ಅಲ್ಲಿನ ನಾಲ್ಕು ತಿಂಗಳ ಕೂಸುಗಳಿಗೆ ದೀರ್ಘಸ್ವರದ ವ್ಯತ್ಯಾಸವಾಗಲಿ, ಒತ್ತಿನ ವ್ಯತ್ಯಾಸವಾಗಲಿ ತಿಳಿಯಲಿಲ್ಲ. ಒಂಬತ್ತೂವರೆ ತಿಂಗಳ ಹೊತ್ತಿಗೆ ಎರಡೂ ತಿಳಿದವು ಎಂದು ಯುತಾಕಾ ಸಾತೊ, ರೇಕೊ ಮಜೂಕಾ ಮತ್ತು ಜೊತೆಗಾರರು 2010 ಮತ್ತು 2012ರಲ್ಲಿ ಬರೆದರು. ಕತೆ ಮತ್ತು ಕತ್ತೆ, ಬಳೆ ಮತ್ತು ಬಾಳೆ ಇರುವ ಭಾಷೆಯವರಾದ ನಮಗೆ ತ–ಟ ಪ್ರಯೋಗಕ್ಕಿಂತ ಇದೇ ದೊಡ್ಡ ಸುದ್ದಿ ಎಂದು ನನಗನಿಸುತ್ತದೆ.

ಹಾಗಾದರೆ ಒತ್ತಕ್ಷರವನ್ನು ಕನ್ನಡದ ಕೂಸು ಎಲ್ಲಿಂದ ಕಲಿಯುತ್ತದೆ? ತೊಟ್ಟಿಲ ಸುತ್ತ ನಿಂತವರ ಹೆಸರುಗಳನ್ನೇ ನೋಡಿ: ಅಕ್ಕ, ಅಜ್ಜ, ಅಣ್ಣ, ಅತ್ತೆ, ಅಪ್ಪ, ಅಮ್ಮ. ಎಲ್ಲ ಶುರುವಾಗುವುದು 'ಅ'ದಿಂದ, ಎಲ್ಲದರ ನಡುವೆಯೂ ಒತ್ತು. ಕ, ಚ, ಟ, ತ, ಪ ಐದೂ ವರ್ಗಗಳಿಂದ ಒಬ್ಬರಾದರೂ ನೆಂಟರು! ಪದದ ಅಚ್ಚು ಹೆಚ್ಚುಕಡಿಮೆ ಒಂದೇ ಇದ್ದು, ಬಾಯಲ್ಲಿ ಉಸಿರು ತಡೆಯುವ ಜಾಗ ಗಂಟಲ ಕಡೆಯಿಂದ ತುಟಿಯವರೆಗೆ ಬದಲಾಗುತ್ತ ಬರುತ್ತದೆ. ಪ್ರಯೋಗಾಲಯದವರು ಕೂತು ಯೋಚಿಸಿದರೂ ಇದಕ್ಕಿಂತ ಚೊಕ್ಕಟವಾದ ಪಟ್ಟಿ ಮಾಡಲಾರರು. ಮೇಲಾಗಿ ಈ ಪದಗಳನ್ನು ಹೇಳುವಾಗ ಹೇಳುವವರ ಮುಖ ಎದುರಿಗೇ ಇರುತ್ತದೆ, ದನಿ ರಾಗವಾಗಿರುತ್ತದೆ. ಬುವ್ವ, ಮಮ್ಮು, ಚಿಚ್ಚಿ ಎಂಬ ಕೂಸುಮಾತುಗಳಲ್ಲೂ ಒತ್ತೇ. ಅಣ್ಣ–ಅನ್ನದ ಜೋಡಿಯಂತೂ ಇನ್ನೂ ಕುತೂಹಲದ್ದು. ಫಿಲಿಪೀನ್ಸಿನ ಫಿಲಿಪಿನೊ ಭಾಷೆಯಲ್ಲಿ ಪದದ ಮೊದಲಲ್ಲೇ 'ನ' ಮತ್ತು 'ಙ' ಬೇರೆಬೇರೆ. ಆ ಮನೆಗಳ ಕೂಸುಗಳಿಗೂ ಆರರಿಂದ ಎಂಟು ತಿಂಗಳಲ್ಲಿ ಈ ವ್ಯತ್ಯಾಸ ಸಿಗಲಿಲ್ಲ, ಹತ್ತು ತಿಂಗಳ ಮೇಲೆ ಸಿಕ್ಕಿತು ಎಂದು ಚಂದನ್ ನಾರಾಯಣ್ ಮತ್ತು ಜೊತೆಗಾರರು 2010ರಲ್ಲಿ ವರದಿ ಮಾಡಿದರು. ಮೂಗಿನ ಧ್ವನಿಗಳನ್ನು ಬಿಡಿಸಿ ಕೇಳುವುದು ಕಷ್ಟ. ನಮ್ಮ ಣ–ನ ಕೂಡ ಹಾಗೆ ತಡವಾಗಿ ಹತ್ತುವ ಜೋಡಿಯಿರಬಹುದು ಎಂಬುದು ನನ್ನ ಊಹೆ.

ಇಲ್ಲಿಂದ ಶಾಲೆಯ ಕಡೆ ತಿರುಗಬಹುದು. ಹಿರಿಯೂರು ಕಡೆಯ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಹಾಲು 'ಆಲು', ಹಕ್ಕಿಯೂ ಅಕ್ಕಿಯೂ ಒಂದೇ. ದನಕ್ಕೂ ಧನಕ್ಕೂ ಭೇದವಿಲ್ಲ, ಶಾಲೆ 'ಸಾಲೆ'. ಇಂಥ ಮಕ್ಕಳನ್ನು 'ನಾಲಿಗೆ ಹೊರಳಲ್ಲ' ಎಂದು ಬೈಯುವ ಚಟ ಮೇಷ್ಟರುಗಳಿಗೆ ಮಾತ್ರ ಅಲ್ಲ, ಪೇಟೆಯ ನೆಂಟರಿಗೂ ಇದೆ. ನಾಲಿಗೆಯ ತಪ್ಪು ಇಲ್ಲಿ ಏನೂ ಇಲ್ಲ. ಮನೆಯಲ್ಲಿ ಯಾವುದು ಅರ್ಥ ಬದಲಿಸುತ್ತದೋ ಅದನ್ನು ಹಿಡಿದುಕೊಳ್ಳುವುದು, ಬದಲಿಸದ್ದನ್ನು ಬಿಟ್ಟುಬಿಡುವುದು ಕಿವಿಯ ಆರೋಗ್ಯದ ಲಕ್ಷಣ. ಕೆನಡಾದ ಇಂಗ್ಲಿಷ್ ಮನೆಯ ಕೂಸು ತ–ಟ ಬಿಟ್ಟದ್ದೂ ಹಾಗೆಯೇ. ಮಹಾಪ್ರಾಣ ಕನ್ನಡದ ಆಡುಮಾತಿನದ್ದಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ವರ್ಷಗಟ್ಟಲೆ ವಾದಿಸಿದರು. ಬರವಣಿಗೆಯಿಂದಲೂ ಅವನ್ನು ಬಿಡಬೇಕೆಂಬ ಅವರ ಸಲಹೆಯನ್ನು ನಾನು ಒಪ್ಪುವುದಿಲ್ಲ, ಆದರೆ ಆಡುಮಾತಿನ ವಿಷಯದಲ್ಲಿ ಅವರು ಹೇಳಿದ್ದು ಸರಿ. ಆ ಮಕ್ಕಳಿಗೆ 'ಧ' ಮರೆತುಹೋದ ಅಕ್ಷರವಲ್ಲ, ಹೊಸ ಧ್ವನಿ. ಬೈಗುಳದ ಬದಲು ಎರಡನ್ನೂ ಜೋಡಿ ಮಾಡಿ ನಿಧಾನವಾಗಿ ಕೇಳಿಸಿದರೆ ಬರುತ್ತದೆ. ಕೇಳುವ ಶಕ್ತಿ ಪೂರ್ತಿ ಮುಚ್ಚಿಹೋಗುವುದಿಲ್ಲ ಎನ್ನುವುದಕ್ಕೆ ಪುರಾವೆ ಇದೆ. ಎಳವೆಯಲ್ಲಿ ಒಂದೆರಡು ವರ್ಷ ಹಿಂದಿ ಕೇಳಿ ಆಮೇಲೆ ಮರೆತ ದೊಡ್ಡವರು ಆ ಧ್ವನಿಗಳನ್ನು ಬೇಗ ಹಿಡಿದರು. ಕೊರಿಯಾದಿಂದ ಹಾಲೆಂಡಿಗೆ ದತ್ತು ಹೋಗಿ ಡಚ್ಚರಾಗಿಯೇ ಬೆಳೆದವರು ದೊಡ್ಡವರಾದ ಮೇಲೆ ಕೊರಿಯನ್ ಧ್ವನಿಗಳನ್ನು ಉಳಿದ ಡಚ್ಚರಿಗಿಂತ ಚೆನ್ನಾಗಿ ಉಚ್ಚರಿಸಲು ಕಲಿತರು ಎಂದು 2017ರ ಅಧ್ಯಯನವೊಂದು ತೋರಿಸಿತು. ಅವರಲ್ಲಿ ಆರು ತಿಂಗಳೂ ತುಂಬದೆ ದತ್ತು ಹೋದವರೂ ಇದ್ದರು.

ಎರಡು ಮಾತಿನ ಮನೆಗಳ ವಿಷಯ ಬೇರೆಯೇ. ಹಿರಿಯೂರಿನ ಧರ್ಮಪುರ ಹೋಬಳಿ ದಾಟಿದರೆ ಆಂಧ್ರದ ಮಡಕಶಿರಾ, ಅಮರಾಪುರದ ಸೀಮೆ. ಗಡಿಯ ಆಚೆ ಕನ್ನಡ, ಈಚೆ ತೆಲುಗು ಧಾರಾಳವಾಗಿ ಕೇಳುತ್ತದೆ. ಹೊಳಲ್ಕೆರೆ, ಹೊಸದುರ್ಗದ ತಾಂಡಾಗಳಲ್ಲಿ ಲಂಬಾಣಿ, ದುರ್ಗದ ಪೇಟೆಯಲ್ಲಿ ಉರ್ದು. ಎರಡು ಭಾಷೆ ಕಿವಿಗೆ ಬಿದ್ದರೆ ಕೂಸಿಗೆ ಗೊಂದಲವಾಗುತ್ತದೆ, ಮಾತು ತಡವಾಗುತ್ತದೆ ಎಂಬ ಭಯ ಓದಿದವರಲ್ಲೇ ಜಾಸ್ತಿ. ಕನ್ನಡ–ತೆಲುಗು ಮನೆಗೆ ಹತ್ತಿರದ ಹೋಲಿಕೆ ಬಾರ್ಸಿಲೋನಾದ ಕ್ಯಾಟಲಾನ್–ಸ್ಪ್ಯಾನಿಷ್ ಮನೆ. ಅವೂ ಅಕ್ಕತಂಗಿ ಭಾಷೆಗಳು, ಲಯ ಹತ್ತಿರದ್ದು, ಹಾಲು–ಪಾಲು, ಹುಲಿ–ಪುಲಿಯಂಥ ಸೋದರ ಪದಗಳು ರಾಶಿ. ಅಲ್ಲಿನ ಲಾರಾ ಬಾಷ್ ಮತ್ತು ನೂರಿಯಾ ಸೆಬಾಸ್ಟಿಯನ್ ನಾಲ್ಕು ತಿಂಗಳ ಕೂಸುಗಳು ಈ ಎರಡನ್ನು ಬೇರೆ ಮಾಡುತ್ತವೆ ಎಂದು ಕಂಡರು. ಆದರೆ 2003ರಲ್ಲಿ ಅವರೇ ಒಂದು ವಿಚಿತ್ರ ವರದಿ ಮಾಡಿದರು: ದ್ವಿಭಾಷಿ ಕೂಸುಗಳು ಎಂಟು ತಿಂಗಳಲ್ಲಿ ಕ್ಯಾಟಲಾನಿನ ಎರಡು ಬಗೆಯ 'ಎ' ಸ್ವರಗಳನ್ನು ಬಿಡಿಸಲಾರದೆ, ಹನ್ನೆರಡು ತಿಂಗಳಿಗೆ ಮತ್ತೆ ಬಿಡಿಸಿದವು. ನೋಡಿ, ಗೊಂದಲ ಆಯಿತಲ್ಲ ಎಂದರು ಜನ. 2011ರಲ್ಲಿ ಪರೀಕ್ಷೆಯ ವಿಧಾನವನ್ನು ಬದಲಿಸಿ ನೋಡಿದರೆ ಅದೇ ಎಂಟು ತಿಂಗಳ ವಯಸ್ಸಿನವು ಸಲೀಸಾಗಿ ಗೆದ್ದವು. ಕೊರತೆ ಇದ್ದದ್ದು ಪರೀಕ್ಷೆಯಲ್ಲಿ.

ತಾಂಡಾದ ಕೂಸಿಗೆ ಒಂದು ಲಾಭವೂ ಇದೆ ಎಂದು ನನ್ನ ಅಂದಾಜು. ಲಂಬಾಣಿಯಲ್ಲಿ ಮಹಾಪ್ರಾಣ ಮನೆಮಾತಿನದೇ ಧ್ವನಿ. ಕನ್ನಡದ ಖ, ಘ, ಧ ಬರೆಯುವಾಗ ಪಕ್ಕದ ಹಳ್ಳಿಯ ಹುಡುಗ ಎಡವುವ ಕಡೆ ತಾಂಡಾದ ಹುಡುಗಿ ನಿಲ್ಲಬಲ್ಲಳು. ಅಂಗನವಾಡಿ ಕಾರ್ಯಕರ್ತೆ ಅವಳ ಯಾಡಿಯ, ಅಂದರೆ ತಾಯಿಯ, ಮಾತನ್ನು ಅಡ್ಡಿ ಎಂದುಕೊಳ್ಳಬೇಕಿಲ್ಲ.

ಕೂಸಿಗೆ ಮೊಬೈಲ್ ತೋರಿಸಿ ಭಾಷೆ ಕಲಿಸುವ ವಿಷಯಕ್ಕೆ ಹೆಚ್ಚು ಜಾಗ ಬೇಡ, ಒಂದೇ ಪ್ರಯೋಗ ಸಾಕು. 2003ರಲ್ಲಿ ಕೂಲ್ ತಂಡ ಸಿಯಾಟಲ್‌ನ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಮಾತಿನವರನ್ನು ಹನ್ನೆರಡು ಸಲ, ಸಲಕ್ಕೆ 25 ನಿಮಿಷ, ಆಡಲು ಬಿಟ್ಟಿತು. ಆ ಕೂಸುಗಳು ಚೀನೀ ಧ್ವನಿಗಳನ್ನು ತೈವಾನಿನ ಕೂಸುಗಳಷ್ಟೇ ಚೆನ್ನಾಗಿ ಗುರುತಿಸಿದವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಇನ್ನೊಂದು ಗುಂಪಿನ ಕೂಸುಗಳು ಕಲಿತದ್ದು ಸೊನ್ನೆ. ಹತ್ತು ತಿಂಗಳ ಮಗುವಿನ ಮುಂದೆ ಇಂಗ್ಲಿಷ್ ಪದ್ಯ ಹಚ್ಚಿ ಕೂರಿಸುವವರು ಮಗುವಿಗೆ ಇಂಗ್ಲಿಷ್ ಕಲಿಸುತ್ತಿಲ್ಲ, ಅಜ್ಜಿಯ ಮಾತು ಕೇಳುವ ಹೊತ್ತನ್ನು ಕಳೆಯುತ್ತಿದ್ದಾರೆ.

ಈವರೆಗೆ ಹೇಳಿದ್ದೆಲ್ಲ ಕಿವಿ ಕೇಳುವ ಕೂಸಿನ ಮಾತು. ಕೇಳದ ಕೂಸಿನದು? ಸಾವಿರ ಹೆರಿಗೆಗೆ ಕನಿಷ್ಠ ಒಂದೆರಡು ಮಕ್ಕಳು ತೀವ್ರ ಶ್ರವಣದೋಷದೊಂದಿಗೆ ಹುಟ್ಟುತ್ತಾರೆ. ಕರ್ನಾಟಕದಲ್ಲಿ ಸುಮಾರು ಕಾಲುಭಾಗ ಮದುವೆಗಳು ರಕ್ತಸಂಬಂಧದೊಳಗೆ, ಸೋದರಮಾವ ಅಥವಾ ಅತ್ತೆ–ಮಾವನ ಮಕ್ಕಳ ಜೊತೆ, ಆಗುತ್ತಿರುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದಾಖಲಾಗಿದೆ. ಆನುವಂಶಿಕ ಕಿವುಡುತನದ ಅಪಾಯ ಅಲ್ಲಿ ಹೆಚ್ಚು. ಬಸುರಿನಲ್ಲಿ ತಗುಲಿದ ರುಬೆಲ್ಲಾದಂಥ ಸೋಂಕು, ಅವಧಿಗೆ ಮುನ್ನ ಹೆರಿಗೆ, ಹುಟ್ಟಿದ ವಾರದಲ್ಲಿ ಏರಿದ ಕಾಮಾಲೆ ಕೂಡ ಕಿವಿಯನ್ನು ಕೆಡಿಸುತ್ತವೆ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಚಳಿ ಮಳೆಯ ಮಾತು ಹಾಗಿರಲಿ, ಮಬ್ಬು ಗುಡಿಸಲಿನಲ್ಲಿ ಕೂಸಿನ ಮೈ ಹಳದಿಯಾದದ್ದನ್ನು ನೋಡುವವರು ಯಾರು?

ಕೇಳದ ಕೂಸು ಮನೆಯವರನ್ನು ಸುಲಭವಾಗಿ ಏಮಾರಿಸುತ್ತದೆ. ಮೊದಲ ತಿಂಗಳುಗಳಲ್ಲಿ ಅದೂ ಅಳುತ್ತದೆ, ನಗುತ್ತದೆ, ಊಂಗುಟ್ಟುತ್ತದೆ. ಬಬ್ಬಬ್ಬ, ತಾತಾತಾ ಎಂಬ ತೊದಲು ಬರಬೇಕಾದ ಹೊತ್ತಿಗೆ ಬರುವುದಿಲ್ಲ, ಅಷ್ಟೇ. ತಟ್ಟೆ ಬಡಿದು ನೋಡಿದರೆ ಅದುರಿಗೋ ಕೈಯಾಡಿದ ನೆರಳಿಗೋ ತಿರುಗಿಬಿಡುತ್ತದೆ, ಮನೆಯವರಿಗೆ ಸಮಾಧಾನ. ಎರಡು ವರ್ಷವಾದರೂ ಮಾತಿಲ್ಲವೆಂದರೆ 'ಅವರಪ್ಪನೂ ತಡವಾಗೇ ಮಾತಾಡಿದ್ದು' ಎಂಬ ಉತ್ತರ ಸಿದ್ಧ. ಮಾತು ಬೇಗ ಬರಲೆಂದು ನಾಲಿಗೆಗೆ ಬಜೆ ತೇದು ಹಚ್ಚುತ್ತೇವೆ. ಕಿವಿಗೆ ಮಾಡುವುದೆಂದರೆ ವೈದ್ಯರು ಬೇಡವೆಂದರೂ ಎಣ್ಣೆ ಬಿಡುವುದು. ಮಾತು ಹುಟ್ಟುವುದು ಎಲ್ಲಿ ಎಂಬ ಬಗ್ಗೆ ನಮ್ಮ ಮನೆಗಳ ತಿಳಿವಳಿಕೆ ತಲೆಕೆಳಗಾಗಿದೆ.

ಮೇಲೆ ಕಂಡ ವಯಸ್ಸುಗಳನ್ನು ಈಗ ಮತ್ತೆ ನೆನೆಯಬೇಕು. ಆರು ತಿಂಗಳಿಗೆ ಸ್ವರ, ಹತ್ತಕ್ಕೆ ವ್ಯಂಜನ, ಒಂಬತ್ತೂವರೆಗೆ ಒತ್ತು. ಶ್ರವಣದೋಷ ಪತ್ತೆಯಾಗುವುದು ಮೂರನೇ ವರ್ಷದಲ್ಲಾದರೆ ಈ ಇಡೀ ಕಾಲ ಮೌನದಲ್ಲಿ ಕಳೆದಿರುತ್ತದೆ. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಎಷ್ಟೋ ಮುಂದಿರುತ್ತದೆ ಎಂದು ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟಿನ್ ಯೊಶಿನಾಗಾ–ಇಟಾನೊ 1998ರಲ್ಲಿ ತೋರಿಸಿದರು. ಆ ಬಳಿಕ ಜಗತ್ತಿನಾದ್ಯಂತ ಒಪ್ಪಿತವಾದ ಸೂತ್ರ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರ ಅಥವಾ ಬೇರೆ ನೆರವು. ತಪಾಸಣೆಯಲ್ಲಿ ನೋವಿಲ್ಲ, ಚುಚ್ಚುವುದಿಲ್ಲ. ಮಲಗಿದ ಕೂಸಿನ ಕಿವಿಗೆ ಪುಟ್ಟ ತುದಿಯಿಟ್ಟು ಸಣ್ಣ ಸದ್ದು ಬಿಟ್ಟರೆ ಒಳಗಿವಿಯಿಂದ ಮರುದನಿ ಬರುತ್ತದೋ ಇಲ್ಲವೋ ಎಂದು ಯಂತ್ರ ಹೇಳುತ್ತದೆ. ಕೆಲವೇ ನಿಮಿಷದ ಕೆಲಸ.

ನಮ್ಮಲ್ಲಿ ಇದಕ್ಕೆ ಆಸರೆ ಇಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಕೇಂದ್ರದ ಕಿವುಡುತನ ತಡೆ ಕಾರ್ಯಕ್ರಮ 2007ರಲ್ಲಿ, ಮಕ್ಕಳ ಜನ್ಮದೋಷಗಳನ್ನು ಪತ್ತೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದವು. ಕಾಕ್ಲಿಯರ್ ಇಂಪ್ಲಾಂಟ್ ಬೇಕಾದ ಬಡ ಮಕ್ಕಳಿಗೆ ಸರ್ಕಾರದ ನೆರವೂ ಸಿಗುತ್ತದೆ. ಕೊರತೆ ಇರುವುದು ಕೇಳಿ ಪಡೆಯುವವರಲ್ಲಿ. ಸಂಶೋಧನೆಯ ಕೊರತೆಯನ್ನೂ ಹೇಳಿಬಿಡಬೇಕು. ಮಕ್ಕಳ ಭಾಷಾಕಲಿಕೆಯ ಮುಖ್ಯ ಪತ್ರಿಕೆಗಳಲ್ಲಿ ಈವರೆಗೆ ಅಧ್ಯಯನವಾಗಿರುವುದು ಜಗತ್ತಿನ ಭಾಷೆಗಳಲ್ಲಿ ಶೇ. 1.5ರಷ್ಟು ಮಾತ್ರ ಎಂದು 2022ರ ಸಮೀಕ್ಷೆಯೊಂದು ಲೆಕ್ಕ ಹಾಕಿತು. ಕನ್ನಡ, ತೆಲುಗು, ಲಂಬಾಣಿ, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳುವ ಹೊಳಲ್ಕೆರೆ, ಹಿರಿಯೂರುಗಳಿಗಿಂತ ಒಳ್ಳೆಯ ಪ್ರಯೋಗಶಾಲೆ ಸಂಶೋಧಕರಿಗೆ ಎಲ್ಲಿ ಸಿಕ್ಕೀತು? ನಮ್ಮ ವಿಶ್ವವಿದ್ಯಾಲಯಗಳು ಇತ್ತ ತಲೆ ಹಾಕಬೇಕು.

ಅದು ಆದಾಗ ಆಗಲಿ. ಮನೆಯಲ್ಲಿ ಕೂಸು ಹುಟ್ಟಿದವರು ಆಸ್ಪತ್ರೆಯಿಂದ ಹೊರಡುವ ಮುನ್ನ 'ಕಿವಿ ಪರೀಕ್ಷೆ ಆಯಿತೇ?' ಎಂದು ಕೇಳಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆಗಿಲ್ಲವೆಂದರೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ ತಿಂಗಳೊಳಗೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಸಲ ಸರಿಬರದಿದ್ದರೆ ಗಾಬರಿ ಬೇಡ, ಆದರೆ ಎರಡನೇ ಪರೀಕ್ಷೆ ತಪ್ಪಿಸಬೇಡಿ.